ಹಾಡದ ಕಾರು ಏನು ಹೇಳುತ್ತದೆ?

ಮನೆಗೆ ಸೆಕೆಂಡ್ ಹ್ಯಾಂಡ್ ಕಾರು ಬಂದ ದಿನ ಮೊದಲು ಪೂಜೆಯಾಗುತ್ತದೆ. ಚಕ್ರದಡಿ ನಿಂಬೆಹಣ್ಣು ಒಡೆಯುತ್ತದೆ. ಆಮೇಲೆ ದೊಡ್ಡವರು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಮಕ್ಕಳು ಒಳಗೆ ನುಗ್ಗಿ ಡ್ಯಾಶ್‌ಬೋರ್ಡ್ ನೋಡುತ್ತಾರೆ. ಅಗ್ಗದ ಕಾರಾದರೆ ಅಲ್ಲಿ ನಡುಮಧ್ಯೆ ಒಂದು ಆಯತಾಕಾರದ ಖಾಲಿ ಜಾಗ, ಅದರ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ. ಸ್ಟೀರಿಯೋ ಕೂರಬೇಕಾದ ಜಾಗ ಅದು. 'ಇದರಲ್ಲಿ ಹಾಡು ಬರೋದಿಲ್ವಾ?' ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಅನೇಕ ಮನೆಗಳಲ್ಲಿ ಅದು ಮುಂದಿನ ಹಬ್ಬದವರೆಗೂ ನಡೆಯುವ ವಾಗ್ವಾದವಾಗುತ್ತದೆ.

ಈ ಖಾಲಿ ಜಾಗಕ್ಕೆ ನಮ್ಮ ದೇಶದಲ್ಲಿ ದೊಡ್ಡ ಇತಿಹಾಸವೇ ಇದೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ದೆಹಲಿಯ ಗ್ರಾಹಕರೊಬ್ಬರ ಕೈಗಿತ್ತರು. 796 ಸಿ.ಸಿ.ಯ, ಮೂರು ಸಿಲಿಂಡರಿನ ಆ ಪುಟ್ಟ ಕಾರು 2014ರ ಜನವರಿಯವರೆಗೆ ತಯಾರಾಯಿತು. ಮಧ್ಯಮ ವರ್ಗದ ಲಕ್ಷಾಂತರ ಮನೆಗಳಿಗೆ ಅದೇ ಮೊದಲ ಕಾರು. 2008ರ ಜನವರಿ 10ರಂದು ಟಾಟಾ ಕಂಪೆನಿ ಪ್ರದರ್ಶಿಸಿದ ನ್ಯಾನೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಲೆಯನ್ನು ಒಂದು ಲಕ್ಷ ರೂಪಾಯಿಯ ಗಡಿಯಲ್ಲಿ ಇಡಬೇಕೆಂದು ಗಾಜು ಒರೆಸಲು ಒಂದೇ ವೈಪರ್, ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್ಟು, 624 ಸಿ.ಸಿ.ಯ ಎರಡೇ ಸಿಲಿಂಡರಿನ ಎಂಜಿನ್. ಅದರ ಕೆಳದರ್ಜೆಯ ಮಾದರಿಯಲ್ಲಿ ಎ.ಸಿ. ಇಲ್ಲ, ರೇಡಿಯೋ ಅಂತೂ ಇಲ್ಲವೇ ಇಲ್ಲ. 2018ರ ಕೊನೆಯ ಹೊತ್ತಿಗೆ ನ್ಯಾನೊ ತಯಾರಿಕೆಯೂ ನಿಂತಿತು. ಆದರೆ ಈ ಎರಡೂ ಕಾರುಗಳು ನಮ್ಮ ಊರುಗಳ ಬೀದಿಯಿಂದ ಇನ್ನೂ ಮರೆಯಾಗಿಲ್ಲ.

ಹಾಡಿಲ್ಲದ ಇಂಥ ಕಾರಿನಲ್ಲಿ ಕುಳಿತವರಿಗೆ ಮೌನ ಸಿಗುತ್ತದೆಯೇ? ಖಂಡಿತ ಇಲ್ಲ. ಅಗ್ಗದ ಕಾರಿನಷ್ಟು ಮಾತಾಡುವ ವಾಹನ ಮತ್ತೊಂದಿಲ್ಲ. ಅದು ಆಡುವ ಪ್ರತಿ ಮಾತಿಗೂ ಭೌತಶಾಸ್ತ್ರದಲ್ಲಿ ಅರ್ಥವಿದೆ. ಒಂದೆರಡು ಮಾತುಗಳನ್ನು ಸಕಾಲದಲ್ಲಿ ಕೇಳಿಸಿಕೊಂಡರೆ ಜೀವವೂ ಉಳಿಯುತ್ತದೆ.

ಎಂಜಿನ್ನಿನ ಶ್ರುತಿ

ಪೆಟ್ರೋಲ್ ಕಾರುಗಳ ಎಂಜಿನ್ ನಾಲ್ಕು ಹೊಡೆತಗಳದ್ದು. ಅಂದರೆ ಪ್ರತಿ ಸಿಲಿಂಡರಿನಲ್ಲೂ ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಮಾತ್ರ ಪೆಟ್ರೋಲ್ ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನೋಣ. ಸೆಕೆಂಡಿಗೆ 50 ಸುತ್ತಾಯಿತು. ಎರಡು ಸಿಲಿಂಡರಿನ ನ್ಯಾನೊದಲ್ಲಿ ಸುತ್ತಿಗೊಂದರಂತೆ ಸೆಕೆಂಡಿಗೆ 50 ಸ್ಫೋಟ. ಮೂರು ಸಿಲಿಂಡರಿನ ಮಾರುತಿಯಲ್ಲಿ ಸುತ್ತಿಗೆ ಒಂದೂವರೆಯಂತೆ 75. ನಾಲ್ಕು ಸಿಲಿಂಡರಿನ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿಯಲ್ಲಿ ಸುತ್ತಿಗೆ ಎರಡರಂತೆ 100. ಈ ಸಂಖ್ಯೆಯೇ ಎಂಜಿನ್ನಿನ ಮುಖ್ಯ ಸ್ವರದ ಕಂಪನಾಂಕ. ಹರ್ಟ್ಸ್ ಎಂಬ ಮಾನದಲ್ಲಿ ಅದನ್ನು ಹೇಳುತ್ತಾರೆ.

ಸಂಗೀತ ಕಲಿಯುವ ಮಕ್ಕಳು ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಬೇಕು. 50, 75, 100. ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟು, ಮೂರನೆಯದು ಎರಡು ಪಟ್ಟು. ಷಡ್ಜಕ್ಕೂ ಪಂಚಮಕ್ಕೂ ಇರುವ ಸಂಬಂಧ ಒಂದೂವರೆ ಪಟ್ಟು, ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಇರುವ ಸಂಬಂಧ ಎರಡು ಪಟ್ಟು. ಮೂರೂ ಕಾರುಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ನಿಲ್ಲಿಸಿದರೆ ನ್ಯಾನೊ 'ಸ' ಹಿಡಿಯುತ್ತದೆ, ಮಾರುತಿ 'ಪ' ಹಿಡಿಯುತ್ತದೆ, ಅಂಬಾಸಿಡರ್ ಮೇಲಿನ 'ಸ' ಹಿಡಿಯುತ್ತದೆ. ತಂಬೂರಿಯ ಮೂರು ತಂತಿ ಗ್ಯಾರೇಜಿನಲ್ಲೇ ಸಿಕ್ಕಂತಾಯಿತು!

ಕಾರು ನಿಂತಲ್ಲೇ ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಇನ್ನೊಂದು ಸ್ವಾರಸ್ಯವಿದೆ. ನಿಮಿಷಕ್ಕೆ 900 ಸುತ್ತಾದರೆ ಮಾರುತಿಯ ಸ್ವರ 22.5 ಹರ್ಟ್ಸ್, ನ್ಯಾನೊದ್ದು 15 ಹರ್ಟ್ಸ್. ಮನುಷ್ಯನ ಕಿವಿ ಸುಮಾರು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳಬಲ್ಲದು. ಹಾಗಾಗಿ ಸಿಗ್ನಲ್ಲಿನಲ್ಲಿ ನಿಂತ ನ್ಯಾನೊದ ಮೂಲಸ್ವರ ಕಿವಿಗೆ ಕೇಳುವುದಕ್ಕಿಂತ ಸೊಂಟಕ್ಕೆ ತಿಳಿಯುವುದೇ ಹೆಚ್ಚು. ಎರಡೇ ಸಿಲಿಂಡರಿನಿಂದ ಹುಟ್ಟುವ ಈ ಅಲುಗಾಟವನ್ನು ತಗ್ಗಿಸಲೆಂದೇ ಅದರ ಎಂಜಿನ್ನಿನೊಳಗೆ ಸಮತೋಲನದ ದಂಡವೊಂದನ್ನು ಜೋಡಿಸಿದ್ದರು.

ಇದೆಲ್ಲ ಬರೀ ಲೆಕ್ಕದ ಮೋಜೇ? ಅಲ್ಲ. ದುಬಾರಿ ಕಾರುಗಳಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಒಂದು ಮೀಟರ್ ಇರುತ್ತದೆ. ಅಗ್ಗದ ಹಳೆಯ ಕಾರುಗಳಲ್ಲಿ ಅದೂ ಇರಲಿಲ್ಲ. ಅಲ್ಲಿ ಚಾಲಕನ ಕಿವಿಯೇ ಮೀಟರು. ಸ್ವರ ಮೇಲೇರಿ ಕಿರುಚಿದರೆ ಮೇಲಿನ ಗೇರು, ಕೆಳಗಿಳಿದು ಗೊರಗೊರ ಎಂದರೆ ಕೆಳಗಿನ ಗೇರು. ಡ್ರೈವಿಂಗ್ ಕಲಿಸುವವರು ಮೊದಲ ವಾರ 'ಗೇರ್ ಕಡೆ ನೋಡಬೇಡ, ಎಂಜಿನ್ ಕೇಳು' ಎಂದು ಗದರುವುದು ಇದಕ್ಕೇ.

ಏರಿನಲ್ಲಿ ಟಣಟಣ

ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಕಾರಿನ ತುಂಬ ಜನ, ತಲೆಯ ಮೇಲೆ ಸಾಮಾನು. ಗೇರ್ ಇಳಿಸಲು ಬೇಸರಪಟ್ಟು ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗೆ ಯಾರೋ ಚಿಕ್ಕ ಸುತ್ತಿಗೆಯಿಂದ ಬಡಿದಂತೆ ಟಣಟಣ ಸದ್ದು ಕೇಳಬಹುದು. ಮೆಕ್ಯಾನಿಕ್‌ಗಳು 'ನಾಕಿಂಗ್' ಎನ್ನುವುದು ಇದನ್ನೇ.

ಸರಿಯಾದ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ಸಿಲಿಂಡರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡುತ್ತದೆ. ಭಾರ ಹೆಚ್ಚಾಗಿ ಎಂಜಿನ್ ನಿಧಾನವಾದಾಗ ಮೂಲೆಯಲ್ಲಿ ಉಳಿದ ಅನಿಲ ಒತ್ತಡ, ಶಾಖಗಳನ್ನು ತಾಳಲಾರದೆ, ಜ್ವಾಲೆ ತಲಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಅಪ್ಪಳಿಸುತ್ತವೆ. ಟಣಟಣ ಅಂದದ್ದು ಆ ಅಲೆಗಳೇ. ತುಂಬ ಹೊತ್ತು ಹೀಗೆ ನಡೆದರೆ ಪಿಸ್ಟನ್ನಿಗೆ ಪೆಟ್ಟು. ಈಚಿನ ಎಂಜಿನ್ನುಗಳಲ್ಲಿ ಈ ಸದ್ದನ್ನು ಕೇಳಲೆಂದೇ ಒಂದು ಸಂವೇದಕವನ್ನು ಬಿಗಿದಿರುತ್ತಾರೆ. ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಸ್ಫಟಿಕ ಅದರೊಳಗಿದೆ. ಟಣಟಣ ಕೇಳಿದೊಡನೆ ಕಾರಿನ ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ. ಕಾರಿಗೇ ಒಂದು ಕಿವಿ ಇಟ್ಟಂತೆ. ಹಳೆಯ ಅಗ್ಗದ ಕಾರಿಗೆ ಆ ಕಿವಿ ಇಲ್ಲ, ಚಾಲಕನದೇ ಬಳಕೆಯಾಗಬೇಕು.

ಗುಂಯ್‌ಗುಡುವ ಡಬ್ಬ

ಚಿಕ್ಕ ಕಾರು ಒಂದು ನಿರ್ದಿಷ್ಟ ವೇಗ ಮುಟ್ಟಿದೊಡನೆ ಒಳಗೆಲ್ಲ 'ಗುಂಯ್' ಎಂದು ತುಂಬಿಕೊಂಡು, ವೇಗ ಇನ್ನೂ ಹೆಚ್ಚಿದಾಗ ವಿಚಿತ್ರವಾಗಿ ಕಡಿಮೆಯಾಗುವುದುಂಟು. ಕಾರಣ ಪಿ.ಯು.ಸಿ. ಪುಸ್ತಕದಲ್ಲೇ ಇದೆ: ಅನುರಣನೆ.

ಕಾರಿನ ಒಳಗಿನ ಉದ್ದ ಸುಮಾರು 2 ಮೀಟರ್ ಇದ್ದರೆ, ಅದರೊಳಗೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರದ ತರಂಗಾಂತರ 4 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಭಾಗಿಸಿದರೆ ಕಂಪನಾಂಕ ಸುಮಾರು 86 ಹರ್ಟ್ಸ್. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ ಸುಮಾರು 3400 ಸುತ್ತು ತಿರುಗಿದಾಗ ಹೊರಡಿಸುವ ಸ್ವರವೂ ಹೆಚ್ಚುಕಡಿಮೆ ಇದೇ! ಎಂಜಿನ್ ಮತ್ತು ಒಳಗಿನ ಗಾಳಿ ಎರಡೂ ಒಂದೇ ಸ್ವರ ಹಿಡಿದಾಗ ಕಾರು ದೊಡ್ಡದೊಂದು ಡೋಲಾಗುತ್ತದೆ. ಇಂಥ ಅಲೆಯ ಒತ್ತಡ ಎರಡು ತುದಿಗಳಲ್ಲಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಹಾಗಾಗಿ ಹಿಂದಿನ ಸೀಟಿಗೆ ಒರಗಿ ಕೂತ ಮಕ್ಕಳಿಗೆ ಗುಂಯ್ ಹೆಚ್ಚು. ಬೆಲ್ಟಿನ ಮಿತಿಯಲ್ಲೇ ತುಸು ಮುಂದೆ ಬಾಗಿದರೂ ಅದು ಇಳಿಯುವುದು ತಿಳಿಯುತ್ತದೆ.

ಇದರ ಮೇಲೆ ಟೈರಿನ ಸದ್ದು, ಗಾಳಿಯ ಸದ್ದು. ಊರೊಳಗೆ ನಿಧಾನವಾಗಿ ಹೋಗುವಾಗ ಎಂಜಿನ್ನಿನದೇ ಮೇಲುಗೈ. ವೇಗ ಹೆಚ್ಚಿದಂತೆ ಟೈರು ಮುಂದಾಗುತ್ತದೆ. ಇನ್ನೂ ಹೆಚ್ಚಾದರೆ ಕನ್ನಡಿ, ಕಿಟಕಿಯ ಸಂದುಗಳಲ್ಲಿ ಸುಳಿಯುವ ಗಾಳಿ. ಗಾಳಿಯ ಸದ್ದಿನ ಶಕ್ತಿ ವೇಗದ ಸುಮಾರು ಆರನೆಯ ಘಾತದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 64 ಪಟ್ಟು, ಅಂದರೆ 18 ಡೆಸಿಬೆಲ್ ಹೆಚ್ಚು.

ಶ್ರೀಮಂತರ ಕಾರು ಈ ಸದ್ದುಗಳನ್ನು ಹೇಗೆ ತಡೆಯುತ್ತದೆ? ಮುಖ್ಯವಾಗಿ ಭಾರದಿಂದ. ತಡೆಗೋಡೆಯ ಭಾರವನ್ನು ಎರಡು ಪಟ್ಟು ಮಾಡಿದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಶಬ್ದವಿಜ್ಞಾನದ ಹಳೆಯ ನಿಯಮ. ದಪ್ಪ ಗಾಜು, ಬಾಗಿಲಿಗೆ ಎರಡು ಸುತ್ತು ರಬ್ಬರು, ತಗಡಿಗೆ ಅಂಟಿಸಿದ ಡಾಂಬರು ಹಾಳೆ, ನೆಲಕ್ಕೆ ಮಂದ ಜಮಖಾನ. 1958ರಲ್ಲಿ ಬಂದ ರೋಲ್ಸ್ ರಾಯ್ಸ್ ಕಾರಿನ ಜಾಹೀರಾತೊಂದು, ಗಂಟೆಗೆ 60 ಮೈಲಿ ಓಡುವಾಗಲೂ ಒಳಗೆ ಕೇಳುವ ದೊಡ್ಡ ಸದ್ದು ಅದರ ಗಡಿಯಾರದ್ದೇ ಎಂದು ಹೊಗಳಿಕೊಂಡು ಪ್ರಸಿದ್ಧವಾಗಿತ್ತು. ಅಗ್ಗದ ಕಾರಿನಲ್ಲಿ ಭಾರವೆಂದರೆ ಖರ್ಚು, ಪೆಟ್ರೋಲಿಗೂ ಖರ್ಚು. ಆದ್ದರಿಂದ ತಗಡು ತೆಳು, ಸದ್ದು ಹೆಚ್ಚು.

ಸದ್ದಿನ ಮೇಲೆ ಸದ್ದು

ಕಾರಿಗೆ ರೇಡಿಯೋ ಕೂರಿಸಿದ್ದು ಸುಲಭದ ಕೆಲಸವಾಗಿರಲಿಲ್ಲ. ಆಗಿನ ರೇಡಿಯೋ ವಾಲ್ವುಗಳಿಗೆ ಇನ್ನೂರು ವೋಲ್ಟಿನಷ್ಟು ಬೇಕು. ಕಾರಿನ ಬ್ಯಾಟರಿ ಕೊಡುತ್ತಿದ್ದದ್ದು ಆರೇ ವೋಲ್ಟು. ಅಮೆರಿಕದ ಪಾಲ್ ಗಾಲ್ವಿನ್ ಅವರ ಕಂಪೆನಿ 1930ರಲ್ಲಿ ಮಾರಾಟಕ್ಕೆ ತಂದ ಕಾರ್ ರೇಡಿಯೋ ಮೊದಲ ದೊಡ್ಡ ಯಶಸ್ಸು ಕಂಡಿತು. ಅದಕ್ಕೆ ಇಟ್ಟ 'ಮೋಟೊರೋಲ' ಎಂಬ ಹೆಸರು ಮುಂದೆ ಕಂಪೆನಿಗೇ ಅಂಟಿಕೊಂಡಿತು. 1955ರ ಹೊತ್ತಿಗೆ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಬಂತು. ಆಮೇಲೆ ಕ್ಯಾಸೆಟ್, ಸಿ.ಡಿ., ಈಗ ಫೋನು.

ಹಾಡು ಹಾಕಿದರೆ ಪೆಟ್ರೋಲ್ ಜಾಸ್ತಿ ಉರಿಯುತ್ತದೆ ಎಂದು ಮಕ್ಕಳನ್ನು ಸುಮ್ಮನಾಗಿಸುವ ತಂದೆಯರಿದ್ದಾರೆ. ಲೆಕ್ಕ ಅವರ ಪರವಾಗಿಲ್ಲ. ಸಾಧಾರಣ ಸ್ಟೀರಿಯೋ ಹದವಾದ ದನಿಯಲ್ಲಿ 20 ವ್ಯಾಟ್ ಬಳಸಿದರೆ, ಅದನ್ನು ಹುಟ್ಟಿಸಲು ಎಂಜಿನ್ನಿನಿಂದ 40 ವ್ಯಾಟ್ ಬೇಕಾದೀತು. ಚಿಕ್ಕ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸಲು ಮೂರು-ನಾಲ್ಕು ಸಾವಿರ ವ್ಯಾಟ್ ಬೇಕು. ಹಾಡಿನ ಪಾಲು ನೂರಕ್ಕೆ ಒಂದು. ಎಂಜಿನ್ ನಿಲ್ಲಿಸಿ ಹಾಡು ಕೇಳುವುದು ಮಾತ್ರ ಬೇರೆ ವಿಷಯ. 12 ವೋಲ್ಟಿನ, 35 ಆಂಪಿಯರ್-ಅವರಿನ ಬ್ಯಾಟರಿಯಿಂದ 200 ವ್ಯಾಟಿನ ಆಂಪ್ಲಿಫೈಯರ್ ಓಡಿಸಿದರೆ ಒಂದೇ ಗಂಟೆಯಲ್ಲಿ ಅರ್ಧ ಬರಿದು. ಆಮೇಲೆ ಮನೆಮಂದಿಯೆಲ್ಲ ಕಾರು ತಳ್ಳಬೇಕು.

ನಿಜವಾದ ಆತಂಕ ಇರುವುದು ಬೇರೆಡೆ. ಹಾಡು ಕೇಳಬೇಕಾದರೆ ಅದು ಕಾರಿನ ಸದ್ದನ್ನು ಮೀರಬೇಕು. ಒಳಗಿನ ಸದ್ದು 72 ಡೆಸಿಬೆಲ್ ಎಂದುಕೊಂಡರೆ, ಹಾಡು ಸ್ಪಷ್ಟವಾಗಲು ಹತ್ತು ಡೆಸಿಬೆಲ್ ಹೆಚ್ಚು, ಅಂದರೆ 82 ಬೇಕು. ಅದೂ ಮೃದಂಗ, ಗಿಟಾರುಗಳ ತಗ್ಗಿನ ಸ್ವರಗಳು ಎಂಜಿನ್ನಿನ ಗುಂಯ್‌ನಲ್ಲಿ ಮುಳುಗಿಹೋಗುವುದರಿಂದ ಬೆರಳು ಗುಂಡಿಯನ್ನು ಮತ್ತೂ ತಿರುಗಿಸುತ್ತದೆ. ಸದ್ದಿಲ್ಲದ ದುಬಾರಿ ಕಾರಿನಲ್ಲಿ 65 ಡೆಸಿಬೆಲ್ಲಿಗೆ ಸಿಗುವ ಸುಖ ಅಗ್ಗದ ಕಾರಿನಲ್ಲಿ 85 ಆದರೂ ಸಿಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬೆಲ್, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. 90 ಡೆಸಿಬೆಲ್ಲಿಗೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೂದಲಿನಂತೆ ಬೆಳೆದೀತೆಂದು ಕಾಯುವಂತಿಲ್ಲ.

ಹಿಂದಿನಿಂದ ಬರುವ ಆಂಬುಲೆನ್ಸು

ಒಂದು ಸಣ್ಣ ಲೆಕ್ಕ. ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಾಡಿಲ್ಲದ ಕಾರಿನಲ್ಲಿ ಆಂಬುಲೆನ್ಸಿನ ಸೈರನ್ 200 ಮೀಟರ್ ದೂರದಿಂದ ಕೇಳುತ್ತದೆ ಎನ್ನೋಣ. ಹಾಡಿನ ಅಬ್ಬರದಿಂದಾಗಿ ಸೈರನ್ ಇನ್ನೂ 12 ಡೆಸಿಬೆಲ್ ಜೋರಾಗಿದ್ದರೆ ಮಾತ್ರ ಕೇಳುವಂಥ ಸ್ಥಿತಿ ಬಂದರೆ, ಅದು ಕಿವಿಗೆ ಬೀಳುವ ಹೊತ್ತಿಗೆ ಆಂಬುಲೆನ್ಸು ಕೇವಲ 50 ಮೀಟರ್ ಹಿಂದಿರುತ್ತದೆ. ಆಂಬುಲೆನ್ಸಿನ ವೇಗ ಗಂಟೆಗೆ 72 ಕಿ.ಮೀ., ಕಾರಿನದು 36 ಕಿ.ಮೀ. ಎಂದರೆ, ಅಂತರ ಸೆಕೆಂಡಿಗೆ 10 ಮೀಟರಿನಂತೆ ಕುಗ್ಗುತ್ತದೆ. ಹಾಡಿಲ್ಲದ ಕಾರಿನವನಿಗೆ ದಾರಿ ಬಿಡಲು 20 ಸೆಕೆಂಡು. ಹಾಡಿನವನಿಗೆ 5 ಸೆಕೆಂಡು. ನಮ್ಮ ಪೇಟೆಬೀದಿಗಳಲ್ಲಿ ಐದು ಸೆಕೆಂಡಿನಲ್ಲಿ ಎಡಕ್ಕೆ ಸರಿಯಲು ಯಾರಿಂದ ಸಾಧ್ಯ? ಕಾಯುವುದು ಒಳಗೆ ಮಲಗಿರುವ ರೋಗಿ.

ತಗ್ಗಿನ ಸ್ವರಗಳಿಗೆ ಇನ್ನೊಂದು ಕೆಟ್ಟ ಗುಣವಿದೆ. ಅವು ಜೋರಾದಾಗ ತಮಗಿಂತ ಮೇಲಿನ ಸ್ವರಗಳನ್ನೂ ಮರೆಮಾಡುತ್ತವೆ. ಮೇಲಿನ ಸ್ವರಗಳಿಗೆ ತಗ್ಗಿನ ಸ್ವರಗಳನ್ನು ಮರೆಮಾಡುವ ಶಕ್ತಿ ಅಷ್ಟಿಲ್ಲ. ಡಿಕ್ಕಿಯಲ್ಲಿ ದೊಡ್ಡ ಸ್ಪೀಕರಿಟ್ಟು ದಿಂ ದಿಂ ಎನಿಸುವ ಕಾರಿನೊಳಗೆ ಸೈರನ್ನೂ ಮಂಕಾಗುತ್ತದೆ, ಸೈಕಲ್ ಬೆಲ್ಲೂ ಮಂಕಾಗುತ್ತದೆ.

ತಿರುವಿನಾಚೆಯ ಬಸ್ಸು

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸು ಓಡಿಸುವವರು ತಿರುವಿಗೆ ಮೊದಲು ಹಾರನ್ ಹೊಡೆದು, ಒಂದು ಕ್ಷಣ ಕಿವಿಗೊಟ್ಟು, ಆಮೇಲೆ ಸ್ಟೀರಿಂಗ್ ತಿರುಗಿಸುತ್ತಾರೆ. ಆಚೆಯ ವಾಹನ ಕಾಣುವುದಿಲ್ಲ. ಆದರೆ ಕೇಳುತ್ತದೆ. ಏಕೆ?

ಹಾರನ್ನಿನ ಕಂಪನಾಂಕ 400 ಹರ್ಟ್ಸ್ ಎನ್ನೋಣ. 345ನ್ನು 400ರಿಂದ ಭಾಗಿಸಿದರೆ ತರಂಗಾಂತರ ಸುಮಾರು 86 ಸೆಂಟಿಮೀಟರ್. ಬಂಡೆ, ಗೋಡೆ, ಮರಗಳ ಗಾತ್ರಕ್ಕೆ ಹೋಲಿಸಬಹುದಾದ ಈ ಉದ್ದದ ಅಲೆಗಳು ಅಂಚಿನಲ್ಲಿ ಬಾಗಿ ಆಚೆಗೆ ಹರಡುತ್ತವೆ. ಇದಕ್ಕೆ ವಿವರ್ತನೆ ಎಂದು ಹೆಸರು. ಬೆಳಕಿನ ತರಂಗಾಂತರವೋ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ಬೆಟ್ಟದ ಮೂಲೆಯಲ್ಲಿ ಅದು ಬಾಗುವುದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹೀಗಾಗಿ ತಿರುವಿನಲ್ಲಿ ಕಣ್ಣು ಸೋತಾಗ ಕಿವಿಯೇ ದಾರಿ ತೋರಿಸುತ್ತದೆ.

ಎದುರಿನ ಬಸ್ಸೂ ಕಾರೂ ತಲಾ 30 ಕಿ.ಮೀ. ವೇಗದಲ್ಲಿ ಸಮೀಪಿಸುತ್ತಿದ್ದರೆ, ನಡುವಿನ 100 ಮೀಟರ್ ಆರೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಆರು ಸೆಕೆಂಡೂ ಹಾಡಿನ ಪಲ್ಲವಿಗೆ ಹೋದರೆ, ಬಸ್ಸು ಮೊದಲು ಕಾಣುವುದು ಮುಂದಿನ ಗಾಜಿನ ತುಂಬ. ಮಂಜು ಕವಿದ ದಿನವಂತೂ ಈ ಹಾಡಿಲ್ಲದ ಕಾರು, ಅರ್ಧ ಇಳಿಸಿದ ಕಿಟಕಿ, ಇವೆರಡೇ ಒಳ್ಳೆಯ ಸಲಕರಣೆಗಳು.

ದೂರು ಹೇಳುವ ಭಾಗಗಳು

ಕಾರಿನ ಕಾಯಿಲೆಗಳಲ್ಲಿ ಬಹುಪಾಲು ಮೊದಲು ಸದ್ದಿನಲ್ಲೇ ಕಾಣಿಸಿಕೊಳ್ಳುತ್ತವೆ. ಬೇಗ ಕೇಳಿದರೆ ನೂರರ ನೋಟಿನಲ್ಲಿ ಮುಗಿಯುವ ಕೆಲಸ, ತಡವಾದರೆ ಸಾವಿರಗಳನ್ನು ನುಂಗುತ್ತದೆ. ಹೆತ್ತವರು ಕತ್ತರಿಸಿಟ್ಟುಕೊಳ್ಳಬಹುದಾದ ಪಟ್ಟಿ ಇಲ್ಲಿದೆ.

ಬ್ರೇಕ್ ಒತ್ತಿದಾಗ ಕೀರಲು ಸದ್ದು: ಹಲವು ಕಾರುಗಳ ಬ್ರೇಕ್ ಪ್ಯಾಡಿನಲ್ಲಿ ಒಂದು ತೆಳು ಲೋಹದ ನಾಲಗೆ ಇಟ್ಟಿರುತ್ತಾರೆ. ಪ್ಯಾಡು ಸವೆದು ತೆಳ್ಳಗಾದಾಗ ಅದು ತಿರುಗುವ ತಟ್ಟೆಗೆ ತಾಗಿ ಕೀರುತ್ತದೆ. ಅದು ಕಿರುಚಲೆಂದೇ ಇಟ್ಟದ್ದು. ಅದನ್ನೂ ಕಡೆಗಣಿಸಿ ಮುಂದೆ ಗರಗರ ಎಂದರೆ ಲೋಹಕ್ಕೆ ಲೋಹ ಉಜ್ಜುತ್ತಿದೆ, ಕಾರನ್ನು ಓಡಿಸಲೇಬಾರದು.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟ: ಮುಂದಿನ ಚಕ್ರಗಳು ಎಳೆಯುವ ಮಾರುತಿಯಂಥ ಕಾರಿನಲ್ಲಿ, ಚಕ್ರಕ್ಕೆ ಬಲ ಒಯ್ಯುವ ದಂಡದ ಕೀಲು ಸವೆದಿರಬಹುದು.

ವೇಗದೊಡನೆ ಏರುವ ಹೂಂಕಾರ: ಚಕ್ರದ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗುವಾಗ ಭಾರ ಎಡಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಡೆಯದು, ಎಡಕ್ಕೆ ತಿರುಗಿದಾಗ ಹೆಚ್ಚಿದರೆ ಬಲಗಡೆಯದು.

ಬೆಳಗಿನ ಚಳಿಯಲ್ಲಿ ಶುರು ಮಾಡಿದೊಡನೆ ಕಿಂಯ್: ಬೆಲ್ಟು ಸಡಿಲ, ಅಥವಾ ಒದ್ದೆ.

ಹೊಗೆ ಕೊಳವೆಯ ಸದ್ದು ಇದ್ದಕ್ಕಿದ್ದಂತೆ ಜೋರು: ಕೊಳವೆಗೆ ತೂತು ಬಿದ್ದಿರಬಹುದು. ಇದನ್ನು ಶೋಕಿ ಎಂದುಕೊಳ್ಳುವವರಿದ್ದಾರೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಸೇರಿದರೆ ತಲೆನೋವು, ಮಂಪರು, ಕೊನೆಗೆ ಪ್ರಾಣಕ್ಕೇ ಸಂಚಕಾರ. ಆ ವಿಷ ಸೋರುತ್ತಿರಬಹುದೆಂಬ ಒಂದು ಎಚ್ಚರಿಕೆ ಈ ಸದ್ದು.

ಇಂಡಿಕೇಟರಿನ ಟಿಕ್ ಟಿಕ್ ಎಂದಿಗಿಂತ ವೇಗವಾಗಿ ಬಡಿದರೆ: ಆ ಬದಿಯ ಒಂದು ಬಲ್ಬು ಹೋಗಿರಬಹುದು. ಇಳಿದು ನೋಡದೆ ಕೂತಲ್ಲಿಂದಲೇ ತಿಳಿಯುತ್ತದೆ.

ಸದ್ದು ಎಂಜಿನ್ನಿನದೋ ಚಕ್ರದ್ದೋ ಗೊತ್ತಾಗದಿದ್ದರೆ ಸುಲಭ ಉಪಾಯವಿದೆ. ಬಯಲಿನಲ್ಲಿ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ವೇಗ ಏರಿಸಬೇಕು. ಸದ್ದು ಬಂದರೆ ಎಂಜಿನ್ ಕಡೆಯದು, ಬಾರದಿದ್ದರೆ ಬಹುಶಃ ಚಕ್ರದ ಕಡೆಯದು.

ಹಾಡು ನಿದ್ದೆ ತಡೆಯುತ್ತದೆಯೇ?

ರಾತ್ರಿ ಪ್ರಯಾಣದಲ್ಲಿ ಹಾಡಿಲ್ಲದಿದ್ದರೆ ಚಾಲಕ ತೂಕಡಿಸುತ್ತಾನೆ ಎಂಬುದು ಸ್ಟೀರಿಯೋ ಬೇಕೆನ್ನುವವರ ಬಲವಾದ ವಾದ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ರೇನರ್ ಮತ್ತು ಹಾರ್ನ್ ಎಂಬ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ನಿದ್ದೆಗೆಟ್ಟ ಚಾಲಕರನ್ನು ಕಾರಿನ ಅಣಕು ಯಂತ್ರದಲ್ಲಿ ಕೂರಿಸಿ, ಕೆಲವೊಮ್ಮೆ ಮುಖಕ್ಕೆ ತಂಗಾಳಿ, ಕೆಲವೊಮ್ಮೆ ರೇಡಿಯೋ ಕೊಟ್ಟು ನೋಡಿದರು. ಎರಡರಿಂದಲೂ ಸಿಕ್ಕಿದ್ದು ಸ್ವಲ್ಪ ಹೊತ್ತಿನ, ಸ್ವಲ್ಪವೇ ಪ್ರಯೋಜನ. ಅವರದೇ ಇತರ ಪರೀಕ್ಷೆಗಳಲ್ಲಿ ಚೆನ್ನಾಗಿ ಫಲ ಕೊಟ್ಟದ್ದು ಕಾಫಿ ಮತ್ತು ಹದಿನೈದು ನಿಮಿಷದೊಳಗಿನ ಕಿರುನಿದ್ದೆ. ಅಂದರೆ ಕಣ್ಣು ಎಳೆಯುವಾಗ ಮಾಡಬೇಕಾದದ್ದು ದನಿ ಏರಿಸುವುದಲ್ಲ. ರಸ್ತೆಬದಿಯ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಕಣ್ಣು ಮುಚ್ಚುವುದು.

ಹಾಗೆಂದು ಸಂಗೀತ ಶತ್ರುವೇನಲ್ಲ. ನೇರ, ಖಾಲಿ ಹೆದ್ದಾರಿಯಲ್ಲಿ ಹದವಾದ ದನಿಯ ಹಾಡು ಬೇಸರ ಕಳೆಯುತ್ತದೆ. ಹದ ಯಾವುದು ಎಂದು ತಿಳಿಯಲು ಉಪಕರಣ ಬೇಡ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ತೋರಿಸಿಕೊಟ್ಟರು. ಹಿಂದಿನ ಸೀಟಿನ ಮಗು ಮುಂದಿನವರೊಡನೆ ಮಾತಾಡಲು ಕೂಗಬೇಕಾಗಿ ಬಂದರೆ ದನಿ ಹೆಚ್ಚಾಯಿತೆಂದೇ ಅರ್ಥ. ಘಾಟಿ, ಪೇಟೆ, ಶಾಲೆ-ಆಸ್ಪತ್ರೆಗಳ ಹತ್ತಿರ, ರೈಲ್ವೆ ಗೇಟು, ಮಳೆ, ಮಂಜು, ಇಲ್ಲೆಲ್ಲ ಹಾಡು ಪೂರ್ತಿ ನಿಲ್ಲಲಿ. ಕಾರಿಲ್ಲದ ಮಕ್ಕಳಿಗೂ ಇದು ಸಲ್ಲುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸೈಕಲ್ ತುಳಿಯುವ, ಹಳಿ ದಾಟುವ ಹುಡುಗರಿಗೆ ಬೆನ್ನ ಹಿಂದೆ ಕಣ್ಣಿಲ್ಲ. ಇರುವುದು ಎರಡು ಕಿವಿ ಮಾತ್ರ.

ಕಾರುಗಳನ್ನು ನಿಶ್ಶಬ್ದ ಮಾಡಲು ನೂರು ವರ್ಷ ಶ್ರಮಿಸಿದ ಎಂಜಿನಿಯರುಗಳು ಈಗ ವಿದ್ಯುತ್ ಕಾರುಗಳಿಗೆ ಸದ್ದನ್ನು ಕೂಡಿಸುತ್ತಿದ್ದಾರೆ! ನಿಧಾನವಾಗಿ ಬರುವ ವಿದ್ಯುತ್ ಕಾರು ಕುರುಡರಿಗೆ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಹೊರಡಿಸಬೇಕೆಂದು 2021ರ ಜುಲೈನಿಂದ ಐರೋಪ್ಯ ಒಕ್ಕೂಟದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ ನಿಯಮವಾಗಿದೆ.

ಮಾಡಿ ನೋಡಿ

ಮುಂದಿನ ಬಾರಿ ಕಾರಿನಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ಕುಳಿತು, ಹತ್ತು ನಿಮಿಷ ಹಾಡು ನಿಲ್ಲಿಸಿ, ಕೇಳಿದ ಸದ್ದುಗಳನ್ನೆಲ್ಲ ಪಟ್ಟಿ ಮಾಡಿ. ವೇಗದೊಡನೆ ಬದಲಾಗುವವು ಯಾವುವು, ಗೇರಿನೊಡನೆ ಬದಲಾಗುವವು ಯಾವುವು ಎಂದು ಎರಡು ಗುಂಪು ಮಾಡಿ. ಟೈರಿನ ಸಂದಿಗೆ ಕಲ್ಲು ಸಿಕ್ಕಿ ಟಕ್ ಟಕ್ ಎನ್ನುತ್ತಿದ್ದರೆ ಇನ್ನೂ ಒಳ್ಳೆಯದು. ಮಾರುತಿ 800ರ ಚಕ್ರದ ಸುತ್ತಳತೆ ಸುಮಾರು 1.6 ಮೀಟರ್. ಕಾರು ನಿಧಾನವಾಗಿ ಹೋಗುತ್ತಿರುವಾಗ ಹತ್ತು ಸೆಕೆಂಡಿನಲ್ಲಿ ಎಷ್ಟು ಟಕ್ ಎಂದು ಎಣಿಸಿ, ಕಾರಿನ ವೇಗ ಲೆಕ್ಕ ಹಾಕಿ, ಸ್ಪೀಡೋಮೀಟರಿನೊಡನೆ ತಾಳೆ ನೋಡಲು ದೊಡ್ಡವರಿಗೆ ಹೇಳಿ. ಆಮೇಲೆ ಕಾರು ನಿಂತಾಗ ಕಲ್ಲು ತೆಗೆದುಹಾಕಿ.

ಕೊನೆಗೊಂದು ಪ್ರಶ್ನೆ. ಮಾರುತಿಯ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ. ನ್ಯಾನೊ ಎಷ್ಟು ಸುತ್ತು, ಅಂಬಾಸಿಡರ್ ಎಷ್ಟು ಸುತ್ತು ತಿರುಗಿದರೆ ಮೂರೂ ಒಂದೇ ಶ್ರುತಿಯಲ್ಲಿರುತ್ತವೆ? ಉತ್ತರ ಮುಂದಿನ ವಾರ.